ದನಿ ಕೇಳಿಸುತ್ತೆ, ಮಾತು ತಿಳಿಯಲ್ಲ

ನಾನು ಬ್ಯಾಂಕ್ ಗುಮಾಸ್ತ, ಓದಿದ್ದು ಬಿ.ಕಾಂ. ಪಿಂಚಣಿಗೆ ಬರುವ ಹಿರಿಯರು ಕೌಂಟರಿನಲ್ಲಿ ಹೇಳೋದು ಒಂದೇ: "ದನಿ ಕೇಳಿಸುತ್ತೆ, ಮಾತು ತಿಳಿಯಲ್ಲ."

ಇದು ನೆಪ ಅಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳೋದು ಹೆಚ್ಚು ಕಂಪನಾಂಕದ ಸದ್ದುಗಳನ್ನು. ಆ, ಓ ಸ್ವರಗಳ ಬಲ ಬಹುಪಾಲು ಸುಮಾರು 1000 ಹರ್ಟ್ಜ್ ಒಳಗೆ. 'ಸ' ಅನ್ನೋ ಸದ್ದು 4000 ದಾಟುತ್ತೆ. ಹಾಗಾಗಿ ಸಾಲು, ಹಾಲು, ಪಾಲು ಎಲ್ಲಾ ಒಂದೇ ಥರ. ನಾವು ಕಿರುಚಿದರೆ ಜೋರಾಗೋದು ಮುಖ್ಯವಾಗಿ ಸ್ವರ, ವ್ಯಂಜನ ಹಿಂದೇ ಉಳಿಯುತ್ತೆ. ಎದುರು ನಿಂತು ನಿಧಾನವಾಗಿ ಹೇಳಿ, ಸಾಕು.

ಒಳ್ಳೆಯ ಶ್ರವಣ ಸಾಧನ ಬರೀ ಲೌಡ್‌ಸ್ಪೀಕರ್ ಅಲ್ಲ. ಸದ್ದನ್ನು ಪಟ್ಟಿಪಟ್ಟಿಯಾಗಿ ಒಡೆದು, ಕಿವಿ ಸೋತ ಕಡೆ ಬಲ ಕೊಡುತ್ತೆ. ಮೆಲುದನಿಗೆ ಹೆಚ್ಚು, ಜೋರುದನಿಗೆ ಕಡಿಮೆ. ಯಾಕಂದ್ರೆ ಸೋತ ಕಿವಿಯಲ್ಲಿ ಕೇಳಿಸೋ ಮಟ್ಟಕ್ಕೂ ಹಿಂಸೆಯಾಗೋ ಮಟ್ಟಕ್ಕೂ ಅಂತರ ಕಿರಿದು. ಎರಡು ಮೈಕ್ ಇದ್ದರೆ ಹಿಂದಿನ ಗಲಾಟೆ ತಗ್ಗಿಸಿ ಎದುರಿನ ಮಾತನ್ನು ಎತ್ತಿಕೊಡಬಹುದು. ಅಂಗಡಿಯವರು ಹೊಗಳೋ 'ನಾಯ್ಸ್ ರಿಡಕ್ಷನ್' ಆಯಾಸ ಇಳಿಸುತ್ತೆ, ಆದ್ರೆ ಬರೀ ಅದರಿಂದ ಮಾತು ಅಷ್ಟೇನೂ ಸ್ಪಷ್ಟ ಆಗಲ್ಲ.

ಈಗ ನಮ್ಮ ವಿಷಯ. ಪರೀಕ್ಷೆಯಲ್ಲಿ ಪದ ಕೇಳಿಸಿ ತಿರುಗಿ ಹೇಳಿಸ್ತಾರೆ. ಕಾಸರಗೋಡಿನ ಕನ್ನಡದ ಅಜ್ಜಿಗೆ ಮಲಯಾಳಂ ಪದ, ಅಕ್ಕಲಕೋಟೆಯ ಅಜ್ಜನಿಗೆ ಮರಾಠಿ ಪದ ಕೊಟ್ಟರೆ, ತಪ್ಪಿದ್ದು ಕಿವಿಯೋ ಭಾಷೆಯೋ? 1965ರಲ್ಲಿ ಮೈಸೂರಿನಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಪದಪಟ್ಟಿಗಳು ಸಿದ್ಧವಾಗಿವೆ. ಆಸ್ಪತ್ರೆಗೆ ಅವರ ಜೊತೆ ಹೋಗೋ ಮೊಮ್ಮಕ್ಕಳು ನೀವೇ. ಸಾಧನದ ರೇಟು ಕೇಳೋ ಮುಂಚೆ, ಕನ್ನಡದಲ್ಲಿ ಪರೀಕ್ಷೆ ಮಾಡ್ತೀರಾ ಅಂತ ಕೇಳಿ.