ದಿನಕ್ಕೆ 16 ರೂಪಾಯಿ

ಇವತ್ತು ನಾನು ಮಾತಾಡೋದು ಒಂದು ಸಣ್ಣ ಮೊತ್ತದ ಬಗ್ಗೆ. ತಿಂಗಳಿಗೆ 417 ರೂಪಾಯಿ. ನಿಮ್ಮಲ್ಲಿ ಎಷ್ಟೋ ಜನ ಮೊಬೈಲ್ ರೀಚಾರ್ಜ್‌ಗೇ ಇದಕ್ಕಿಂತ ಜಾಸ್ತಿ ಹಾಕ್ತೀರಿ.

ನಮ್ಮಮ್ಮ ಹದಿನೇಳು ವರ್ಷ ಗಾರ್ಮೆಂಟ್ಸ್‌ಗೆ ಹೋದವಳು. ಮೈಸೂರು ರಸ್ತೆಯ ಒಂದು ಫ್ಯಾಕ್ಟರಿ, ಹೆಸರು ಬೇಡ ಬಿಡಿ. ಹೆಲ್ಪರ್ ಆಗಿ ಸೇರಿ ಟೈಲರ್ ಆದಳು. ಕಾಲರ್ ಕೂರಿಸೋದು ಅವಳ ಕೆಲಸ. ಶರ್ಟನ್ನ ಒಬ್ಬರೇ ಹೊಲಿಯಲ್ಲ. ಬ್ಯಾಚ್‌ನಲ್ಲಿ ಒಬ್ಬರು ಕಫ್, ಒಬ್ಬರು ಪಾಕೆಟ್, ಇನ್ನೊಬ್ಬರು ಕಾಜಾ. ಎದುರಿಗೆ ಬೋರ್ಡು, ಗಂಟೆಗೆ ಇಷ್ಟು ಪೀಸ್ ಅಂತ. ಟಾರ್ಗೆಟ್ ಮುಟ್ಟಲಿಲ್ಲ ಅಂದ್ರೆ ಸೂಪರ್‌ವೈಸರ್ ಬೈಗುಳ. ಟಾಯ್ಲೆಟ್‌ಗೆ ಏಳಬೇಕಾಗುತ್ತೆ ಅಂತ ಅಮ್ಮ ಮಧ್ಯಾಹ್ನದ ತನಕ ನೀರೇ ಕುಡೀತಿರಲಿಲ್ಲ.

ವರ್ಷಕ್ಕೆ ಒಂದೆರಡು ಸಲ 'ಬಯರ್ ಬರ್ತಾರೆ' ಅಂತ ಸುದ್ದಿ ಬರೋದು. ಅವತ್ತು ಟಾಯ್ಲೆಟ್‌ನಲ್ಲಿ ಸೋಪು, ಎಲ್ಲರಿಗೂ ಹೊಸ ಮಾಸ್ಕು. ಹಿಂದಿನ ದಿನವೇ ಪಾಠ: 'ಓಟಿ ಬಗ್ಗೆ ಕೇಳಿದ್ರೆ, ಇಷ್ಟ ಇದ್ದೋರು ಮಾತ್ರ ಮಾಡ್ತೀವಿ ಅನ್ನಿ.' ಅಮ್ಮ ನಗ್ತಾ ಹೇಳೋಳು, 'ಹೆಣ್ಣು ನೋಡೋಕೆ ಬಂದಂಗೆ ಕಣೋ. ಆ ದಿನ ಮಾತ್ರ ಎಲ್ಲ ಚೆಂದ.'

ಈ ಆಡಿಟ್ ಅನ್ನೋದನ್ನ ನಾನು ಬರೀ ತಮಾಷೆ ಅಂದ್ಕೊಂಡಿದ್ದೆ, ಕರಾಚಿಯ ಅಲಿ ಎಂಟರ್‌ಪ್ರೈಸಸ್ ಬಗ್ಗೆ ಓದೋವರೆಗೂ. 2012ರ ಸೆಪ್ಟೆಂಬರ್‌ನಲ್ಲಿ ಆ ಗಾರ್ಮೆಂಟ್ ಫ್ಯಾಕ್ಟರಿಗೆ ಬೆಂಕಿ ಬಿತ್ತು. ಕಿಟಕಿಗಳಿಗೆ ಕಂಬಿ, ಬಾಗಿಲುಗಳಿಗೆ ಬೀಗ. 250ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಕೆಲವೇ ವಾರ ಮೊದಲು ಆ ಫ್ಯಾಕ್ಟರಿಗೆ ಎಸ್‌ಎ 8000 ಅನ್ನೋ ಸರ್ಟಿಫಿಕೇಟ್ ಸಿಕ್ಕಿತ್ತು. ಇಲ್ಲಿ ಕಾರ್ಮಿಕರನ್ನ ಚೆನ್ನಾಗಿ ನೋಡ್ಕೋತಾರೆ ಅಂತ ಹೇಳೋ ಸರ್ಟಿಫಿಕೇಟ್!

ಸರಿ, 417ಕ್ಕೆ ಬರ್ತೀನಿ. ನಮ್ಮ ರಾಜ್ಯದಲ್ಲಿ ಬೆಲೆ ಏರಿದ ಹಾಗೆ ಪ್ರತಿ ಏಪ್ರಿಲ್‌ನಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಏರಬೇಕು. 2020ರಲ್ಲಿ ಗಾರ್ಮೆಂಟ್ಸ್‌ನವರಿಗೆ ಆ ಏರಿಕೆ ಸುಮಾರು 417 ರೂಪಾಯಿ. ಕೋವಿಡ್ ಸಮಯ ಅಂತ ಸರ್ಕಾರ ಅದನ್ನ ಮುಂದೂಡಿತು. ಯೂನಿಯನ್‌ನವರು ಹೈಕೋರ್ಟಿಗೆ ಹೋದರು. ಆ ಸೆಪ್ಟೆಂಬರ್‌ನಲ್ಲಿ ಕೋರ್ಟು, ಬಾಕಿ ಸೇರಿಸಿ ಕೊಡಿ ಅಂದಿತು. ಆದ್ರೂ ಹೆಚ್ಚಿನ ಫ್ಯಾಕ್ಟರಿಗಳು ಕೊಡಲಿಲ್ಲ. ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಕೂಲಿ ಅದು, ಬಹುಪಾಲು ಹೆಂಗಸರದ್ದು.

ಆಗ ನಾನೇ ಅಮ್ಮನಿಗೆ ಹೇಳಿದ್ದೆ, 'ಹೋಗ್ಲಿ ಬಿಡಮ್ಮ, ನಾನೂರು ರೂಪಾಯಿ ತಾನೆ.' ಅವಳು ಬೆರಳು ಮಡಚಿ ಎಣಿಸಿದಳು. ತಿಂಗಳಿಗೆ 26 ದಿನ ಕೆಲಸ, ದಿನಕ್ಕೆ 16 ರೂಪಾಯಿ. 'ಹತ್ತಿರ ಹತ್ತಿರ ಅರ್ಧ ಲೀಟರ್ ಹಾಲು. ಪಿಎಫ್, ಓಟಿ ಎಲ್ಲ ಇದ್ರ ಮೇಲೇ ಲೆಕ್ಕ ಹಾಕೋದು. ನಾನು ಬಿಟ್ಟುಬಿಡ್ಲಾ?' ನನ್ನ ಹತ್ರ ಉತ್ತರ ಇರಲಿಲ್ಲ.

ಈ ಫ್ಯಾಕ್ಟರಿಗಳಿಂದ ಬಟ್ಟೆ ತರಿಸೋ ವಿದೇಶಿ ಬ್ರ್ಯಾಂಡ್‌ಗಳ ನೀತಿಸಂಹಿತೆಯಲ್ಲಿ 'ಆಯಾ ದೇಶದ ಕನಿಷ್ಠ ವೇತನ ಕೊಡಲೇಬೇಕು' ಅಂತ ಬರೆದಿರುತ್ತೆ. ಅದೇ ಬ್ರ್ಯಾಂಡ್ ರೇಟ್ ಮಾತಾಡೋಕೆ ಕೂತಾಗ ಒಂದೊಂದು ಪೀಸ್‌ಗೂ ಚೌಕಾಸಿ. ಕೊಡಲ್ಲ ಅಂದ್ರೆ ಆರ್ಡರ್ ಬೇರೆ ದೇಶಕ್ಕೆ. ಫ್ಯಾಕ್ಟರಿ ಮಾಲೀಕ ಬಟ್ಟೆ, ಕರೆಂಟು, ಬಾಡಿಗೆ ಯಾವುದನ್ನೂ ಕಮ್ಮಿ ಮಾಡಕ್ಕಾಗಲ್ಲ. ಕೈಗೆ ಸಿಗೋದು ಕೂಲಿ ಒಂದೇ. ಹಾಗಂತ ಮಾಲೀಕರ ತಪ್ಪಿಲ್ಲ ಅಂತ ನಾನು ಹೇಳ್ತಿಲ್ಲ. ಕೋರ್ಟು ಹೇಳಿದ ಮೇಲೂ ಕೊಡದೇ ಇದ್ದದ್ದು ಅವರೇ.

ಕೊನೆಗೆ ಕೆಲಸ ಮಾಡಿದ್ದೂ ಅದೇ ಬ್ರ್ಯಾಂಡ್‌ಗಳ ಹೆಸರು. ಇಲ್ಲಿನ ಯೂನಿಯನ್‌ಗಳ ಜೊತೆ ಅಮೆರಿಕದ ವರ್ಕರ್ ರೈಟ್ಸ್ ಕನ್ಸೋರ್ಟಿಯಂ ನಿಂತು, ನಿಮ್ಮ ಬಟ್ಟೆ ಹೊಲಿಯೋರಿಗೆ ಕಾನೂನಿನ ಕೂಲಿಯೂ ಸಿಕ್ತಿಲ್ಲ ಅಂತ ಬ್ರ್ಯಾಂಡ್‌ಗಳನ್ನೇ ಹಿಡಿದು ಕೇಳಿತು. ವಿದೇಶದ ಪತ್ರಿಕೆಗಳಲ್ಲೂ ಸುದ್ದಿ ಬಂತು. 2022ರ ಫೆಬ್ರವರಿಯಲ್ಲಿ ದೊಡ್ಡ ಕಂಪನಿಯೊಂದು ಬಾಕಿ ಕೊಡೋಕೆ ಶುರು ಮಾಡ್ತು. ಆಮೇಲೆ ಬೇರೆಯವರೂ.

ಅಮ್ಮ ಅಷ್ಟೊತ್ತಿಗೆ ಕೆಲಸ ಬಿಟ್ಟು ಒಂದು ವರ್ಷ ಆಗಿತ್ತು. ಯೂನಿಯನ್‌ನ ಹೆಂಗಸೊಬ್ಬರು ಫೋನ್ ಮಾಡಿ, 'ಅಕ್ಕಾ, ಬಿಟ್ಟೋರಿಗೂ ಬರ್ಬೇಕು, ಬ್ಯಾಂಕ್ ಪಾಸ್‌ಬುಕ್ ತಗೊಂಡು ಹೋಗಿ' ಅಂದ್ರು. ನಾನೂ ಹೋದೆ. ಗೇಟಲ್ಲೇ ಅರ್ಧ ದಿನ. ಆಧಾರ್‌ನಲ್ಲಿ ಹೆಸರು ಒಂಥರಾ, ಅವರ ರಿಜಿಸ್ಟರ್‌ನಲ್ಲಿ ಇನ್ನೊಂಥರಾ. ಮೂರನೇ ಸಲ ಹೋದಾಗ ಕೆಲಸ ಆಯ್ತು. ಮೂರು ಸಾವಿರದ ಚಿಲ್ಲರೆ ಬಂತು. ಲಾಕ್‌ಡೌನ್‌ನಲ್ಲಿ ಮನೇಲಿದ್ದ ದಿನಗಳನ್ನ ಕಳೆದರಂತೆ.

ಅಮ್ಮನ ಪಕ್ಕದ ಮಷೀನ್‌ನಲ್ಲಿ ರಾಯಚೂರು ಕಡೆಯ ಒಬ್ಬ ಹುಡುಗಿ ಕೂರ್ತಿದ್ದಳು. ಲಾಕ್‌ಡೌನ್ ತೆಗೆದ ಮೇಲೂ ಕೆಲ ತಿಂಗಳು ದುಡಿದು ಊರಿಗೆ ಹೋದವಳು ವಾಪಸ್ ಬರಲಿಲ್ಲ. ಅಮ್ಮ ಅವಳ ನಂಬರ್‌ಗೆ ಈಗಲೂ ಆಗಾಗ ಫೋನ್ ಮಾಡ್ತಾಳೆ. ಸ್ವಿಚ್ ಆಫ್.

ಅವಳು ಅಥವಾ ಅವಳ ಮನೆಯವರು ಯಾರಾದ್ರೂ ಇದನ್ನ ಕೇಳ್ತಿದ್ರೆ, 2020ರ ಪೇ ಸ್ಲಿಪ್, ಪಿಎಫ್ ನಂಬರ್ ಹುಡುಕಿ ಇಟ್ಕೊಳ್ಳಿ. ಅಮ್ಮನ ನಂಬರ್ ಬದಲಾಗಿಲ್ಲ.