ಹಸಿರೆಲೆಯೊಳಗೆ ಅಡಗಿದ ರೋಗ: ಗುಲಾಬಿಯ ವೈರಸ್ ಪತ್ತೆ ಹೇಗೆ?

(ಹೊಸದುರ್ಗದಲ್ಲಿ ವಿದ್ಯಾರ್ಥಿಗಳು ಹಾಗೂ ಪೋಷಕರ ಮುಂದೆ ನೀಡಿದ ಉಪನ್ಯಾಸದ ಲಿಖಿತ ರೂಪ)



ಮದುವೆಯ ಸೆಹ್ರಾ ಇರಲಿ, ದೇವಸ್ಥಾನದ ಹಾರ ಇರಲಿ, ದರ್ಗಾದ ಚಾದರವಿರಲಿ, ಗುಲಾಬಿ ಬೇಕೇ ಬೇಕು. ಹೂ ಬೆಳೆದು, ಕಟ್ಟಿ, ಮಾರಿ ಮಕ್ಕಳನ್ನು ಓದಿಸುವ ಮನೆಗಳು ನಿಮ್ಮ ಬೀದಿಯಲ್ಲೂ ಇರಬಹುದು. ಆದ್ದರಿಂದ ಈ ವಿಷಯ ಪ್ರಯೋಗಾಲಯದವರಿಗೆ ಮಾತ್ರ ಸೇರಿದ್ದೆಂದು ದಯವಿಟ್ಟು ತಿಳಿಯಬೇಡಿ.

ನನ್ನ ಬಂಧುವೊಬ್ಬರು ಈ ತಾಲ್ಲೂಕಿನಲ್ಲೇ ಅರ್ಧ ಎಕರೆ ಗುಲಾಬಿ ಹಾಕಿದ್ದರು. ಸಾಲ ಮಾಡಿ ಸಸಿ ತಂದಿದ್ದರು. ಮೊದಲ ವರ್ಷ ಹೂವು ಚೆನ್ನಾಗಿ ಬಂತು. ಆ ಖುಷಿಯಲ್ಲಿ ಅವೇ ಗಿಡಗಳಿಂದ ಕಣ್ಣು ತೆಗೆದು ಕಸಿ ಮಾಡಿ ಇನ್ನೂ ನಾಲ್ಕು ಸಾಲು ಬೆಳೆಸಿದರು. ಎರಡನೇ ವರ್ಷ ಎಲೆಗಳ ಮೇಲೆ ಹಳದಿ ಗೆರೆಗಳು ಕಾಣಿಸಿದವು. ಯಾರೋ ಕಬ್ಬಿಣದ ಕೊರತೆ ಎಂದರು, ಯಾರೋ ನುಸಿ ಎಂದರು. ಹೇಳಿದ್ದನ್ನೆಲ್ಲ ಸಿಂಪಡಿಸಿದ್ದಾಯಿತು. ಗಿಡ ಸೊರಗಿತು, ಹೂವು ಸಣ್ಣದಾಯಿತು, ಸಾಲ ಮಾತ್ರ ಹಾಗೇ ಉಳಿಯಿತು.

ಸುಣ್ಣದ ಅಂಶ ಹೆಚ್ಚಿರುವ ಕಪ್ಪು ಮಣ್ಣಿನಲ್ಲಿ ಕಬ್ಬಿಣದ ಕೊರತೆ ಬರುವುದು ನಿಜ. ಆಗ ಎಳೆಯ ಎಲೆಯ ನರಗಳು ಹಸಿರಾಗಿಯೇ ಇದ್ದು, ನಡುವಿನ ಭಾಗ ಒಂದೇ ಸಮನೆ ಹಳದಿಯಾಗುತ್ತದೆ. ಮೊಸಾಯಿಕ್ ರೋಗದಲ್ಲಿ ಹಾಗಲ್ಲ. ಅಂಕುಡೊಂಕಾದ ಗೆರೆ, ಉಂಗುರ, ಮಚ್ಚೆ ಕಾಣುತ್ತವೆ. ಇದರ ಹಿಂದೆ ಹೆಚ್ಚಾಗಿ ಇರುವುದು ಪ್ರೂನಸ್ ನೆಕ್ರೋಟಿಕ್ ರಿಂಗ್‌ಸ್ಪಾಟ್ ವೈರಸ್, ಕೆಲವೊಮ್ಮೆ ಆ್ಯಪಲ್ ಮೊಸಾಯಿಕ್ ವೈರಸ್. ಮೊದಲನೆಯದನ್ನು ನಮ್ಮ ದೇಶದ ಗುಲಾಬಿಯಲ್ಲಿ ಗುರುತಿಸಿದ ವರದಿಯನ್ನು ಹಿಮಾಚಲದ ಪಾಲಂಪುರದ ಸಿ.ಎಸ್.ಐ.ಆರ್. ಸಂಸ್ಥೆಯ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದರು.

ಕಷ್ಟವೇನೆಂದರೆ, ಸೋಂಕು ತಗುಲಿದ ಎಷ್ಟೋ ಗಿಡಗಳು ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ನನ್ನ ಬಂಧುವಿನ ಗಿಡಗಳೂ ಮೊದಲ ವರ್ಷ ಹಾಗೇ ಇದ್ದವು. ಈ ರೋಗ ಗುಲಾಬಿಯಲ್ಲಿ ಮುಖ್ಯವಾಗಿ ಹರಡುವುದು ಕಸಿಯ ಮೂಲಕ, ಅಂದರೆ ನಮ್ಮ ಕೈಯಿಂದಲೇ! ಗಿಡ ನೆಟ್ಟ ಮೇಲೆ ಇದನ್ನು ವಾಸಿಮಾಡುವ ಔಷಧಿ ಇಲ್ಲ. ಆದುದರಿಂದ ತಾಯಿ ಗಿಡವನ್ನು ಕಸಿಗೆ ಮೊದಲೇ ಪರೀಕ್ಷಿಸಬೇಕು.

ಹಿಂದೆ ಇದಕ್ಕೆ ಸೂಚಕ ಸಸ್ಯಗಳನ್ನು ಬಳಸುತ್ತಿದ್ದರು. ಅನುಮಾನದ ಎಲೆಯ ರಸವನ್ನು ಸೌತೆಯ ಎಳೆಯ ಗಿಡದ ಮೇಲೆ ಉಜ್ಜಿ, ಮಚ್ಚೆ ಬರುತ್ತದೆಯೇ ಎಂದು ಕಾಯುವುದು. ನಿಧಾನದ ಕೆಲಸ.

ಎಲೈಸಾ ಪರೀಕ್ಷೆ ಬಂದ ಮೇಲೆ ಚಿತ್ರ ಬದಲಾಯಿತು. 1971ರಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡ ಈ ವಿಧಾನವನ್ನು 1977ರಲ್ಲಿ ಕ್ಲಾರ್ಕ್ ಮತ್ತು ಆ್ಯಡಮ್ಸ್ ಎಂಬುವರು ಸಸ್ಯ ವೈರಸ್‌ಗಳಿಗೆ ಹೊಂದಿಸಿದರು. 96 ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯನ್ನು ಊಹಿಸಿಕೊಳ್ಳಿ. ಪ್ರತಿ ಗುಳಿಯ ತಳಕ್ಕೆ ಆ ವೈರಸ್ಸನ್ನೇ ಹಿಡಿಯುವ ಪ್ರತಿಕಾಯ ಅಂಟಿರುತ್ತದೆ. ಎಲೆಯ ರಸ ಹಾಕಿದಾಗ ವೈರಸ್ ಇದ್ದರೆ ಸಿಕ್ಕಿಕೊಳ್ಳುತ್ತದೆ. ಉಳಿದದ್ದೆಲ್ಲ ತೊಳೆದು ಹೋಗುತ್ತದೆ. ನಂತರ ಕಿಣ್ವ ಜೋಡಿಸಿದ ಇನ್ನೊಂದು ಪ್ರತಿಕಾಯ, ಕೊನೆಗೆ ಬಣ್ಣ ಕೊಡುವ ರಾಸಾಯನಿಕ. ಹಳದಿ ಬಂದರೆ ಸೋಂಕು. ಕಣ್ಣಿಗೆ ಕಂಡರೆ ಸಾಲದು, ಯಂತ್ರ ಬಣ್ಣವನ್ನು ಅಳೆಯುತ್ತದೆ. ಆರೋಗ್ಯವಂತ ಗಿಡದ ಅಳತೆಗಿಂತ ಎರಡು ಪಟ್ಟು ಮೀರಿದರೆ ಸೋಂಕೆಂದು ಎಣಿಸುವುದು ವಾಡಿಕೆ. ಒಂದೇ ತಟ್ಟೆಯಲ್ಲಿ ಹತ್ತಾರು ಗಿಡಗಳ ಪರೀಕ್ಷೆ ಮುಗಿಯುವುದರಿಂದ ನರ್ಸರಿಗಳಿಗೆ ಇದೇ ಅಗ್ಗ.

ಇನ್ನೊಂದು ಪರೀಕ್ಷೆಯ ಹೆಸರು ನಿಮಗೆಲ್ಲ ಗೊತ್ತು. 2020ರಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರು ಆರ್.ಟಿ.-ಪಿ.ಸಿ.ಆರ್. ಮರೆಯುವುದುಂಟೇ? ಗುಲಾಬಿಯ ಈ ವೈರಸ್ಸೂ ಆರ್.ಎನ್.ಎ. ಜಾತಿಯದೇ. ಮೊದಲು ಅದನ್ನು ಡಿ.ಎನ್.ಎ.ಗೆ ಬದಲಾಯಿಸಿ, ಆಮೇಲೆ ಕೋಟ್ಯಂತರ ಪಟ್ಟು ಹೆಚ್ಚಿಸಿ ನೋಡುತ್ತಾರೆ. ಎಲೈಸಾಗೆ ಸಿಗದಷ್ಟು ಕಡಿಮೆ ವೈರಸ್ಸೂ ಇಲ್ಲಿ ಸಿಕ್ಕಿಬೀಳುತ್ತದೆ. ಆದರೆ ಗುಲಾಬಿ ಎಲೆಯಲ್ಲಿ ಫಿನಾಲ್, ಲೋಳೆಯಂಥ ಸಕ್ಕರೆ ಪದಾರ್ಥಗಳು ಬಹಳ. ಸರಿಯಾಗಿ ಶುದ್ಧಿ ಮಾಡದಿದ್ದರೆ ಅವು ಪರೀಕ್ಷೆಯನ್ನೇ ತಡೆದು, ರೋಗವಿದ್ದರೂ ಇಲ್ಲವೆಂದು ತೋರಿಸುತ್ತವೆ. ಅದಕ್ಕೇ ಗಿಡದ್ದೇ ಒಂದು ಜೀನನ್ನು ಸಾಕ್ಷಿಯಾಗಿ ಜೊತೆಯಲ್ಲಿ ಪರೀಕ್ಷಿಸುತ್ತಾರೆ. 2000ದಲ್ಲಿ ಜಪಾನಿನವರು ಪ್ರಕಟಿಸಿದ ಲ್ಯಾಂಪ್ ವಿಧಾನಕ್ಕೆ ಸುಮಾರು 65 ಡಿಗ್ರಿಯ ಒಂದೇ ಶಾಖ ಸಾಕು. ಮುಂದೆ ತೋಟದ ಬದುವಿನಲ್ಲೇ ಇದನ್ನು ಮಾಡುವ ದಿನ ಬರಬಹುದೆಂಬುದು ನನ್ನ ಆಸೆ.

ಯಂತ್ರ ಎಷ್ಟೇ ಒಳ್ಳೆಯದಾದರೂ ತಪ್ಪು ಎಲೆ ತಂದುಕೊಟ್ಟರೆ ತಪ್ಪು ಉತ್ತರವೇ. ವೈರಸ್ ಗಿಡದ ತುಂಬ ಸಮನಾಗಿ ಹರಡಿರುವುದಿಲ್ಲ, ಬಿಸಿಲು ಏರಿದಂತೆ ಅದರ ಪ್ರಮಾಣ ಇಳಿಯುತ್ತದೆ. ನಮ್ಮ ಚಿತ್ರದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಕಿತ್ತ ಮುದಿ ಎಲೆಯನ್ನು ನಂಬಬೇಡಿ. ತಂಪಿನ ತಿಂಗಳುಗಳಲ್ಲಿ, ಗಿಡದ ಬೇರೆ ಬೇರೆ ಕೊಂಬೆಗಳಿಂದ ಎಳೆಯ ಎಲೆ ಆರಿಸಿ, ಒದ್ದೆ ಕಾಗದದಲ್ಲಿ ಸುತ್ತಿ, ಗಿಡದ ಗುರುತು ಬರೆದು, ಮಂಜುಗಡ್ಡೆ ಪೆಟ್ಟಿಗೆಯಲ್ಲಿ ಅಂದೇ ಕಳಿಸಿ. ಒಂದು ಗಿಡಕ್ಕೂ ಇನ್ನೊಂದಕ್ಕೂ ನಡುವೆ ಕತ್ತರಿ ತೊಳೆಯಿರಿ, ಇಲ್ಲದಿದ್ದರೆ ಒಂದರ ರಸ ಇನ್ನೊಂದರ ಎಲೆಗೆ ಅಂಟಿ ಫಲಿತಾಂಶ ಕೆಡುತ್ತದೆ.

ಬಹಳ ಒಳ್ಳೆಯ ತಳಿಯ ತಾಯಿ ಗಿಡವೇ ಸೋಂಕಿತವಾದರೂ ದಾರಿಯಿದೆ. ಕುಂಡದ ಗಿಡವನ್ನು ಸುಮಾರು 38 ಡಿಗ್ರಿ ಶಾಖದಲ್ಲಿ ಕೆಲವು ವಾರ ಇಟ್ಟು, ಆಗ ಬೆಳೆದ ತುದಿಯ ಕಣ್ಣನ್ನು ಶುದ್ಧ ಬೇರುಗಿಡಕ್ಕೆ ಕಸಿ ಮಾಡಿ, ಮತ್ತೆ ಪರೀಕ್ಷಿಸುತ್ತಾರೆ. ಇದು ಸಂಸ್ಥೆಗಳ ಕೆಲಸ, ರೈತನದಲ್ಲ.

ನಿಮ್ಮ ತೋಟದಲ್ಲಿ ಅನುಮಾನ ಬಂದರೆ ಮೊದಲು ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೆ ಎಲೆ ತೋರಿಸಿ. ವೈರಸ್ ಪರೀಕ್ಷೆಗೆ ಎಲ್ಲಿ ಕಳಿಸಬೇಕೆಂದು ಅಲ್ಲಿ ವಿಚಾರಿಸಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಸಸ್ಯ ವೈರಸ್‌ಗಳ ಅಧ್ಯಯನ ನಡೆಯುತ್ತದೆ. ಸಸಿ ಕೊಳ್ಳುವಾಗ ತಾಯಿ ಗಿಡದ ಪರೀಕ್ಷೆ ಆಗಿದೆಯೇ ಎಂದು ಕೇಳಿ, ರಸೀದಿ ಪಡೆಯಿರಿ. ನನ್ನ ಬಂಧು ಎರಡನ್ನೂ ಮಾಡಿರಲಿಲ್ಲ. ಈಗ ಅವರ ಮಗಳು ಬಿ.ಎಸ್ಸಿ.ಯಲ್ಲಿ ಜೈವಿಕ ತಂತ್ರಜ್ಞಾನ ಓದುತ್ತಿದ್ದಾಳೆ. ಹೊಸ ಸಸಿ ತರುವ ಮುನ್ನ ಎಲೆ ಕಿತ್ತು ಪೊಟ್ಟಣ ಕಟ್ಟುವವಳು ಅವಳೇ.