ನಿನ್ನೆಯ ಕತ್ತಲೆಯೇ ಇವತ್ತಿನ ಅಳತೆ
(ದೊಡ್ಡಬಳ್ಳಾಪುರದ ಸಭೆಯಲ್ಲಿ ಆಡಿದ ಮಾತು)



ಕರೆಂಟಿನ ವಿಷಯ ಇಂಜಿನಿಯರ್‌ಗಳದ್ದು, ಬಿ.ಎ. ಮಾಡಿ ಪದ್ಯ ಬರೆಯೋನಿಗೆ ಇದೆಲ್ಲ ಯಾಕೆ ಅಂತ ನಿಮ್ಮಲ್ಲಿ ಕೆಲವರು ಅಂದುಕೊಂಡಿರಬಹುದು. ಭೂಮಿ ವಿಷಯ ಶಾನುಭೋಗರದ್ದು ಅಂತ ಹೇಳಿ ನಮ್ಮ ತಾತಂದಿರ ಬಾಯಿ ಮುಚ್ಚಿಸಿದ್ದರು. ಅದರಿಂದ ಏನಾಯ್ತು ಅನ್ನೋದು ಪಹಣಿ ತೆಗೆದು ನೋಡಿದರೆ ಗೊತ್ತಾಗುತ್ತೆ. ಆದ್ದರಿಂದ ಕರೆಂಟು ಎಲ್ಲಿ ಹುಟ್ಟುತ್ತೆ, ಯಾರ ಹತ್ತಿರ ಮೊದಲು ಹೋಗುತ್ತೆ, ಅದಕ್ಕೆ ಬೆಲೆ ಕಟ್ಟೋರು ಯಾರು, ಈ ಮೂರು ಪ್ರಶ್ನೆಗಳನ್ನು ನಾವೂ ಕೇಳಬೇಕು.

ನಮ್ಮ ಸೀಮೆಯಲ್ಲಿ ದೊಡ್ಡ ಹೊಳೆ ಇಲ್ಲ. ನಂದಿಬೆಟ್ಟದಲ್ಲಿ ಹುಟ್ಟೋ ಅರ್ಕಾವತಿಗೆ ಚಕ್ರ ತಿರುಗಿಸೋ ಶಕ್ತಿ ಇಲ್ಲ. ನಾವು ಉರಿಸೋ ಕರೆಂಟು ಬಹುಪಾಲು ದೂರದಿಂದ ಬರುತ್ತೆ. ಶರಾವತಿಯಲ್ಲಿ ನೀರು ಮೇಲಿಂದ ಧುಮುಕಿ ಟರ್ಬೈನ್ ತಿರುಗಿಸುತ್ತೆ. ರಾಯಚೂರು, ಬಳ್ಳಾರಿಗಳಲ್ಲಿ ಕಲ್ಲಿದ್ದಲು ಸುಟ್ಟು, ನೀರು ಕಾಸಿ, ಆ ಹಬೆಯಿಂದ ತಿರುಗಿಸುತ್ತಾರೆ. ಕೈಗಾದಲ್ಲಿ ಅಣು, ಪಾವಗಡದಲ್ಲಿ ಬಿಸಿಲು. ಎಲ್ಲಾ ಒಂದೇ ತಂತಿಜಾಲಕ್ಕೆ ಸೇರಿ, ನೆಲಮಂಗಲದಂಥ ದೊಡ್ಡ ಸ್ಟೇಷನ್ನುಗಳಿಗೆ 4 ಲಕ್ಷ ವೋಲ್ಟಿನಲ್ಲಿ ಬಂದು, ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕೊನೆಗೆ ಊರ ಟ್ರಾನ್ಸ್‌ಫಾರ್ಮರ್ ದಾಟಿ 230 ವೋಲ್ಟಾಗಿ ನಮ್ಮ ಬಲ್ಬಿಗೆ ಬರುತ್ತೆ.

ಈ ದಾರಿಯುದ್ದಕ್ಕೂ ಜನ ಇದ್ದಾರೆ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿದಾಗ ಅದು ಯಾವ ಗುಡಿಸಲಿಗೂ ಹೋಗಲಿಲ್ಲ. ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಒಯ್ದರು. ಆ ಗಣಿ ಬ್ರಿಟಿಷ್ ಕಂಪನಿಗಳದ್ದು. ಅದರ ಪಾತಾಳಕ್ಕೆ ಇಳಿದವರಲ್ಲಿ ಬಹಳ ಮಂದಿ ತಮಿಳು ಸೀಮೆಯಿಂದ ಬಂದ ನಮ್ಮವರೇ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ತಂತಿ ಹಾದುಹೋದ ಹಳ್ಳಿಗಳು ಸೀಮೆಎಣ್ಣೆ ಬುಡ್ಡಿಯಲ್ಲೇ ಉಳಿದವು.

1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದಿತು. ಮನೆಮಠ ಮುಳುಗಿಸಿಕೊಂಡ ಶರಾವತಿ ಸಂತ್ರಸ್ತರು ಇವತ್ತಿಗೂ ಹಕ್ಕುಪತ್ರಕ್ಕಾಗಿ ಹೋರಾಡುತ್ತಿದ್ದಾರೆ. ಪಾವಗಡದ ಸೋಲಾರ್ ಪಾರ್ಕು ನೋಡಿ: ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಭೂಮಿ ಇದ್ದವರಿಗೆ ವರ್ಷ ವರ್ಷ ಗುತ್ತಿಗೆ ಹಣ ಬರುತ್ತೆ. ಅದೇ ಭೂಮೀಲಿ ಕಳೆ ಕೀಳುತ್ತಿದ್ದ ಕೂಲಿಯವಳ ಹೆಸರಲ್ಲಿ ಪಹಣಿಯೂ ಇಲ್ಲ, ಗುತ್ತಿಗೆಯೂ ಇಲ್ಲ, ಈಗ ಕೂಲಿಯೂ ಇಲ್ಲ.

ರಿಯಾಯಿತಿಯ ದಾರಿಯೂ ಹೀಗೇ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಬಿಟ್ಟಿ. ಸಣ್ಣ ರೈತನಿಗೆ ಅದು ಬೇಕೇ ಬೇಕು, ನಾನು ಬೇಡ ಅನ್ನೋದಿಲ್ಲ. ಆದರೆ ಭೂಮಿ, ಬೋರು ಎರಡೂ ಇಲ್ಲದವನಿಗೆ ಅದರಲ್ಲಿ ಏನಿದೆ? ಈ ಊರಿನ ಮಗ್ಗಗಳಿಗೂ ರಿಯಾಯಿತಿ ಇದೆ, ಅದು ಮೀಟರ್ ಇದ್ದವರ ಹೆಸರಿಗೆ. ಪೀಸಿನ ಲೆಕ್ಕದಲ್ಲಿ ನೇಯೋನಿಗೆ ಕರೆಂಟು ಹೋದಷ್ಟು ಹೊತ್ತೂ ಕೂಲಿ ಇಲ್ಲ.

ಈಗ ನಮ್ಮ ಮನೆ ಬಿಲ್ಲಿಗೆ ಬರೋಣ. ಒಂದು ಯೂನಿಟ್ ಅಂದರೆ 10 ವ್ಯಾಟಿನ ಬಲ್ಬು 100 ಗಂಟೆ ಉರಿದಷ್ಟು. 2023ರಲ್ಲಿ ಗೃಹಜ್ಯೋತಿ ಬಂತು, 200 ಯೂನಿಟ್‌ವರೆಗೆ ಉಚಿತ ಅಂದರು. ಒಳ್ಳೆಯದೇ, ಎಷ್ಟೋ ತಾಯಂದಿರ ಎದೆ ಹಗುರಾಯ್ತು. ಆದರೆ ಎಲ್ಲರಿಗೂ 200 ಅಲ್ಲ. 2022-23ರಲ್ಲಿ ನೀವು ಸರಾಸರಿ ಎಷ್ಟು ಉರಿಸಿದ್ದಿರೋ ಅದರ ಮೇಲೆ ನೂರಕ್ಕೆ 10 ಸೇರಿಸಿ, ಅದೇ ನಿಮ್ಮ ಮಿತಿ ಅಂದರು. 2024ರ ಜನವರಿಯಲ್ಲಿ ಸರ್ಕಾರ ಸ್ವಲ್ಪ ತಿದ್ದಿ, 48 ಯೂನಿಟ್ಟಿಗಿಂತ ಕಮ್ಮಿ ಉರಿಸೋರಿಗೆ 10 ಯೂನಿಟ್ ಸೇರಿಸಲು ತೀರ್ಮಾನಿಸಿತು.

ಲೆಕ್ಕ ಹಾಕಿ. ಕೇರಿಯ ಒಂದು ಮನೆ ಆ ವರ್ಷ 30 ಯೂನಿಟ್ ಉರಿಸಿತ್ತು. ಅದರ ಮಿತಿ 40. ಮಗಳು ಪರೀಕ್ಷೆಗೆ ರಾತ್ರಿ ಓದಿದಳು, ಫ್ಯಾನ್ ಬಂತು, 60 ಆಯಿತು. 20 ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ಇನ್ನೊಂದು ಮನೆ 180 ಉರಿಸಿತ್ತು. ಅದರ ಮಿತಿ 198. ಆ ಮನೆ 190 ಉರಿಸಿದರೂ ಸೊನ್ನೆ ಬಿಲ್ಲು. ಕತ್ತಲೆಯಲ್ಲಿ ಇದ್ದವನಿಗೆ ಆ ಕತ್ತಲೆಯನ್ನೇ ಅಳತೆಗೋಲು ಮಾಡಿ ಬೆಳಕು ಹಂಚಿದ್ದಾರೆ. ನಿಮ್ಮಪ್ಪ ಇಷ್ಟೇ ಉಂಡಿದ್ದ, ನಿನಗೂ ಇಷ್ಟೇ ಸಾಕು ಅನ್ನೋ ನ್ಯಾಯ ಇದು. ಈ ನ್ಯಾಯ ನಮಗೆ ಹೊಸದಲ್ಲ.

ಇನ್ನೊಂದು ಸಂಗತಿ ನಮ್ಮ ಗಮನಕ್ಕೇ ಬರಲಿಲ್ಲ. 2023ರ ದರಪಟ್ಟಿಯಲ್ಲಿ ತಿಂಗಳಿಗೆ 100 ಯೂನಿಟ್ ಒಳಗಿನವರಿಗೆ ಯೂನಿಟ್ಟಿಗೆ 4 ರೂಪಾಯಿ 75 ಪೈಸೆ, ದಾಟಿದವರಿಗೆ ಎಲ್ಲಾ ಯೂನಿಟ್ಟಿಗೂ 7 ರೂಪಾಯಿ. 2024ರ ಏಪ್ರಿಲ್ 1ರಂದು ಎಲ್ಲರಿಗೂ ಒಂದೇ ದರ ಬಂತು, ಆಗ ಅದು 5 ರೂಪಾಯಿ 90 ಪೈಸೆ ಇತ್ತು. ಹೆಚ್ಚು ಉರಿಸೋರಿಗೆ 1 ರೂಪಾಯಿ 10 ಪೈಸೆ ಇಳಿಯಿತು, ಕಮ್ಮಿ ಉರಿಸೋರಿಗೆ 1 ರೂಪಾಯಿ 15 ಪೈಸೆ ಏರಿತು. ದರ ಇಳಿಯಿತು ಅಂತ ಸುದ್ದಿಯಾಯ್ತು. ನಾವ್ಯಾಕೆ ಕೂಗಲಿಲ್ಲ? ಗೃಹಜ್ಯೋತಿ ಇತ್ತು, ಏರಿದ್ದು ಜೇಬಿಗೆ ತಾಕಲಿಲ್ಲ. ನಾಳೆ ಯಾವ ಸರ್ಕಾರವೋ ಆ ಯೋಜನೆ ಕಿತ್ತುಹಾಕಿದರೆ, ಹಳೇ ಬಡವರ ದರ ನಮಗಾಗಿ ಕಾದು ಕೂತಿರೋದಿಲ್ಲ.

ಉಚಿತ ಅನ್ನೋದು ದಯೆ, ದರ ಅನ್ನೋದು ಕಾನೂನು. ಹಿಂದೆ ಒಂದು ಬಲ್ಬು ಕೊಟ್ಟು ಭಾಗ್ಯಜ್ಯೋತಿ ಅಂತ ಹೆಸರಿಟ್ಟರು. ಅದು ಭಾಗ್ಯ ಅಲ್ಲ, ಹಕ್ಕು. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ವಿದ್ಯುತ್ತೂ ಅವರ ಇಲಾಖೆಯಲ್ಲಿತ್ತು. 1943ರಲ್ಲೇ ಅವರು ಅಧಿಕಾರಿಗಳ ಮುಂದೆ ವಾದಿಸಿದ್ದು ಇದನ್ನೇ: ಈ ದೇಶದ ಬಡತನ ಹೋಗಬೇಕಾದರೆ ಕೈಗಾರಿಕೆ ಬೇಕು, ಕೈಗಾರಿಕೆಗೆ ಹೇರಳವಾದ, ಅಗ್ಗವಾದ ವಿದ್ಯುತ್ ಬೇಕು. ಅವರು ದಯೆ ಕೇಳಲಿಲ್ಲ, ಬೆಲೆಯ ಪ್ರಶ್ನೆ ಎತ್ತಿದರು.

ಬೆಲೆ ಕಟ್ಟೋದು ದೇವರಲ್ಲ, ಬೆಸ್ಕಾಂ ಕೂಡ ಅಲ್ಲ. ಬೆಸ್ಕಾಂ ಅರ್ಜಿ ಹಾಕುತ್ತೆ. 1999ರಲ್ಲಿ ಆದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ತೀರ್ಮಾನ ಮಾಡುತ್ತೆ. ಅದಕ್ಕೂ ಮುಂಚೆ ಪೇಪರಿನಲ್ಲಿ ಪ್ರಕಟಣೆ ಕೊಟ್ಟು, ಆಕ್ಷೇಪಣೆ ಕರೆದು, ಬಹಿರಂಗ ವಿಚಾರಣೆ ಮಾಡಬೇಕು. ಕೈಗಾರಿಕೆ ಸಂಘಗಳು ಅಲ್ಲಿಗೆ ಲೆಕ್ಕಪತ್ರ ಹಿಡಿದು ಹೋಗುತ್ತವೆ. ಕೇರಿಯಿಂದ ಯಾರು ಹೋಗಿದ್ದೀವಿ?

ಈ ತಿಂಗಳು ಒಂದು ಕೆಲಸ ಮಾಡೋಣ. ಹುಡುಗರು ಮನೆಮನೆಗೆ ಹೋಗಿ ಬಿಲ್ಲು ಓದಿ ಹೇಳಲಿ. ಮಿತಿ ಎಷ್ಟು, ಉರಿಸಿದ್ದು ಎಷ್ಟು, ದೀಪ ಹಚ್ಚದಿದ್ದರೂ ಲೆಕ್ಕಕ್ಕೆ ಬೀಳೋ ನಿಗದಿತ ಶುಲ್ಕ ಎಷ್ಟು, ಬಾಕಿ ಎಷ್ಟು, ಮೀಟರ್ ಯಾರ ಹೆಸರಲ್ಲಿ, ಎಲ್ಲಾ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮುಂದಿನ ವಿಚಾರಣೆ ಪ್ರಕಟಣೆ ಬಂದ ದಿನ ಆ ನೋಟ್‌ಬುಕ್ಕೇ ನಮ್ಮ ಆಕ್ಷೇಪಣೆ ಅರ್ಜಿ. ಅದನ್ನು ಬರೆಯೋಕೆ ಇಂಜಿನಿಯರ್ ಬೇಕಿಲ್ಲ. ಅಕ್ಷರ ಬಲ್ಲ ಹುಡುಗ ಹುಡುಗಿಯರು ಈ ಸಭೆಯಲ್ಲೇ ಇದ್ದೀರಿ. ನಾಳೆ ಭಾನುವಾರ, ಮೊದಲನೇ ಸಾಲಿನ ಮನೆಯಿಂದ ಶುರು ಮಾಡೋಣ.